ಹಳೇ ಜೀಪಿನ ಎಸಿ ಲೀಕ್: ವ್ಯಾಕ್ಯೂಮ್, ಡೈ, ಸ್ನಿಫರ್, ನೈಟ್ರೋಜನ್ – ಹಿಡಿದದ್ದು ಯಾವುದು?

ಎಸಿ ತಣ್ಣಗಾಗ್ತಿಲ್ಲ ಅಂತ ಹೋದರೆ ಬಹಳಷ್ಟು ಗ್ಯಾರೇಜುಗಳಲ್ಲಿ ಸಿಗೋ ಉತ್ತರ ಒಂದೇ: ‘ಗ್ಯಾಸ್ ಕಮ್ಮಿ ಆಗಿದೆ ಸಾರ್, ತುಂಬಿಸಿಬಿಡೋಣ.’ ಆದರೆ ಎಸಿ ಗ್ಯಾಸ್ ಡೀಸೆಲ್ ಥರ ಉರಿದು ಖಾಲಿಯಾಗೋದಿಲ್ಲ. ರಬ್ಬರ್ ಹೋಸ್‌ಗಳಿಂದ ವರ್ಷಕ್ಕೆ ಒಂಚೂರು ಹೋಗೋದು ಸಹಜ. ಒಂದೇ ಬೇಸಿಗೆಯಲ್ಲಿ ಖಾಲಿಯಾದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ನನ್ನ ಹಳೇ ಫೋರ್ ವೀಲ್ ಡ್ರೈವ್ ಡೀಸೆಲ್ ಜೀಪಿನಲ್ಲಿ ಆ ತೂತು ಹುಡುಕೋಕೆ ಇರೋ ದಾರಿಗಳನ್ನೆಲ್ಲ ಒಂದೊಂದಾಗಿ ಪ್ರಯತ್ನಿಸಿದ್ದೇನೆ.

ಮೊದಲು ಗೇಜ್ ವಿಷಯ. ಎಂಜಿನ್ ಆಫ್ ಇದ್ದಾಗ ತೋರಿಸೋ ಪ್ರೆಶರ್ ನೋಡಿ ‘ಗ್ಯಾಸ್ ಫುಲ್ ಇದೆ’ ಅನ್ನೋರನ್ನ ನಂಬಬೇಡಿ. ಗಾಡಿ ಎಸಿಗೆ ಹಾಕೋ ಆರ್134ಎ ಗ್ಯಾಸ್ 30 ಡಿಗ್ರಿ ಬಿಸಿಯಲ್ಲಿ ಸುಮಾರು 97 ಪಿಎಸ್‌ಐ (ಪ್ರೆಶರ್ ಅಳೆಯೋ ಲೆಕ್ಕ), 40ರಲ್ಲಿ 130ರ ಮೇಲೆ ತೋರಿಸುತ್ತೆ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಸಾಕು, ಅಷ್ಟೇ ತೋರಿಸುತ್ತೆ. ಓಡುವಾಗ ಎರಡೂ ಗೇಜ್ (ಹೆಚ್ಚು ಪ್ರೆಶರ್‌ನ ಹೈ ಸೈಡ್, ಕಡಿಮೆ ಪ್ರೆಶರ್‌ನ ಲೋ ಸೈಡ್) ಏರಿ ನಿಂತರೆ ಮೊದಲು ಕಂಡೆನ್ಸರ್ ನೋಡಿ, ಅಂದರೆ ಬಿಸಿ ಗ್ಯಾಸನ್ನ ತಣ್ಣಗಾಗಿಸೋ ಮುಂಭಾಗದ ಜಾಲರಿ: ಸಕಲೇಶಪುರದ ತೋಟದ ದಾರಿಗಳ ಕೆಸರು ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಒಣಗಿ ಗೋಡೆ ಕಟ್ಟಿರುತ್ತೆ. ಅದನ್ನ ಮೆಲ್ಲಗೆ ಹಿಂದಿನಿಂದ ನೀರು ಬಿಟ್ಟು ತೊಳೀಬೇಕು. ಪ್ರೆಶರ್ ವಾಶರ್ ಹತ್ತಿರ ಹಿಡಿದರೆ ಫಿನ್‌ಗಳು ಮಡಚಿಹೋಗುತ್ತವೆ. ನನ್ನ ಜೀಪಿನಲ್ಲಿ ಎರಡೂ ಕಡೆ ಪ್ರೆಶರ್ ಇಳಿದಿತ್ತು, ಗ್ಯಾಸನ್ನ ಒತ್ತೋ ಕಂಪ್ರೆಸರ್‌ನ ಕ್ಲಚ್ ಹತ್ತಿ ಹತ್ತಿ ಬಿಡುತ್ತಿತ್ತು.

ವ್ಯಾಕ್ಯೂಮ್ ಪರೀಕ್ಷೆ ಎಲ್ಲರೂ ಮಾಡೋದು, ಅಗ್ಗವೂ ಹೌದು. ಪಂಪ್ ಹಾಕಿ ಗಾಳಿ ತೆಗೆದು, ಮುಳ್ಳು ಅಲ್ಲಾಡದೆ ನಿಂತರೆ ಪಾಸ್. ನನ್ನದು ಅರ್ಧ ಗಂಟೆ ಕದಲಲಿಲ್ಲ, ಆದರೆ ತುಂಬಿಸಿದ ಗ್ಯಾಸ್ ಮತ್ತೆ ಹೋಯಿತು. ಕಾರಣ ಸರಳ: ವ್ಯಾಕ್ಯೂಮ್‌ನಲ್ಲಿ ಹೊರಗಿನ ಗಾಳಿ ಒಳಕ್ಕೆ ಒತ್ತೋದು ಹೆಚ್ಚಂದ್ರೆ 14.7 ಪಿಎಸ್‌ಐ. ಓಡುವಾಗ ಹೈ ಸೈಡ್‌ನಲ್ಲಿ 200 ಪಿಎಸ್‌ಐಗೂ ಮೇಲೆ ಒಳಗಿಂದ ಹೊರಕ್ಕೆ ತಳ್ಳುತ್ತೆ. ಆಗ ಬಾಯಿ ಬಿಡೋ ಬಿರುಕು ವ್ಯಾಕ್ಯೂಮ್‌ನಲ್ಲಿ ತಾನೇ ಮುಚ್ಚಿಕೊಳ್ಳಬಹುದು. ತೇವಾಂಶ ತೆಗೆಯೋಕೆ ವ್ಯಾಕ್ಯೂಮ್ ಬೇಕೇ ಬೇಕು. ಲೀಕ್ ಇಲ್ಲ ಅಂತ ಸರ್ಟಿಫಿಕೇಟ್ ಕೊಡೋಕೆ ಅದು ಸಾಲದು.

ಯುವಿ ಡೈ ಇದಕ್ಕಿಂತ ವಾಸಿ. ಗ್ಯಾಸ್ ಜೊತೆ ಈ ಹೊಳೆಯೋ ಬಣ್ಣ ಹಾಕಿ, ಕೆಲವು ದಿನ ಓಡಿಸಿ, ಕತ್ತಲಲ್ಲಿ ನೀಲಿ ಟಾರ್ಚ್ ಹಿಡಿದರೆ ಲೀಕ್ ಆದ ಕಡೆ ಹಸಿರು ಹಳದಿ ಹೊಳಪು. ನಿಧಾನ ಲೀಕ್‌ಗೆ ಒಳ್ಳೇದು. ಆದರೆ ಆಫ್‌ರೋಡ್ ಗಾಡಿಯ ಅಡಿಭಾಗದಲ್ಲಿ ಅಂಟಿರೋ ಎಂಜಿನ್ ಆಯಿಲ್, ಮಣ್ಣು, ಜಡಿಮಳೆ ಎಲ್ಲ ಸೇರಿ ಗುರುತನ್ನ ಅಳಿಸುತ್ತೆ, ಇಲ್ಲವೇ ಬೇರೆಡೆಗೆ ಹರಿಸುತ್ತೆ. ನನಗೆ ಕಂಪ್ರೆಸರ್ ಸುತ್ತ ಎಲ್ಲೋ ಅನ್ನೋ ಸುಳಿವು ಸಿಕ್ಕಿತು, ಜಾಗ ಸಿಗಲಿಲ್ಲ.

ಎಲೆಕ್ಟ್ರಾನಿಕ್ ಸ್ನಿಫರ್, ಅಂದರೆ ಗ್ಯಾಸ್ ಸಿಕ್ಕಿದರೆ ಸದ್ದು ಮಾಡೋ ಉಪಕರಣ. ಇದರ ನಿಜವಾದ ಉಪಯೋಗ ಡ್ಯಾಶ್‌ಬೋರ್ಡ್ ಬಿಚ್ಚದೆ ಒಳಗಿನ ಕೂಲಿಂಗ್ ಕಾಯಿಲ್ ನೋಡೋದರಲ್ಲಿದೆ. ಈ ಗ್ಯಾಸ್ ಗಾಳಿಗಿಂತ ಭಾರ, ಹಾಗಾಗಿ ಕಾಯಿಲ್‌ನ ನೀರು ಇಳಿಯೋ ಪೈಪಿನ ಬಾಯಿಗೆ ಹಿಡಿಯಬೇಕು. ನನ್ನದರಲ್ಲಿ ಅಲ್ಲಿ ಸದ್ದಿಲ್ಲ, ಒಂದು ದೊಡ್ಡ ಖರ್ಚು ತಪ್ಪಿತು. ಆದರೆ ಬಾನೆಟ್ ಕೆಳಗೆ ಹುಡುಕುವಾಗ ಗಾಳಿ ಬೀಸಿದರೆ ಇದರಿಂದ ಲೀಕ್ ಹಿಡಿಯೋದು ಕಷ್ಟ.

ಕೊನೆಗೆ ನೈಟ್ರೋಜನ್. ಇದ್ದ ಗ್ಯಾಸನ್ನ ಮೆಷಿನ್‌ಗೆ ಎಳೆದುಕೊಂಡು, ರೆಗ್ಯುಲೇಟರ್ ಮೂಲಕ ಒಣ ನೈಟ್ರೋಜನ್ ಸುಮಾರು 150 ಪಿಎಸ್‌ಐವರೆಗೆ ಬಿಟ್ಟು, ಜಾಯಿಂಟ್‌ಗಳಿಗೆ ಸೋಪು ನೀರು ಹಚ್ಚಿದೆವು. ಆಗಲೂ ಗುಳ್ಳೆ ಇಲ್ಲ. ನನ್ನ ಜೊತೆಗಿದ್ದ ಮೆಕ್ಯಾನಿಕ್ ಕಂಪ್ರೆಸರ್‌ನಿಂದ ಕಂಡೆನ್ಸರ್‌ಗೆ ಹೋಗೋ ದಪ್ಪ ಹೋಸನ್ನ ಕೈಯಲ್ಲಿ ಹಿಡಿದು ಪಕ್ಕಕ್ಕೆ ಬಾಗಿಸಿದರು. ಹೋಸಿನ ತುದಿಯನ್ನ ಒತ್ತಿ ಬಿಗಿಯೋ ಅಲ್ಯೂಮಿನಿಯಂ ಕ್ರಿಂಪ್‌ನ ಅಂಚಿನಲ್ಲಿ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಬಿಟ್ಟ ಕೂಡಲೇ ನಿಂತಿತು. ಇಂಥ ಗಾಡಿಗಳಲ್ಲಿ ಇದು ಆಗೋದೇ: ಕಂಪ್ರೆಸರ್ ಎಂಜಿನ್ ಜೊತೆ ರಬ್ಬರ್ ಮೌಂಟ್ ಮೇಲೆ ಓಲಾಡುತ್ತೆ, ಕಂಡೆನ್ಸರ್ ಮುಂಭಾಗಕ್ಕೆ ಬಿಗಿದಿರುತ್ತೆ, ನಡುವಿನ ಹೋಸ್ ಪ್ರತಿ ಕಲ್ಲು ಗುಂಡಿಗೂ ಬಾಗುತ್ತೆ. ನಿಂತ ಗಾಡಿಯಲ್ಲಿ ಈ ಲೀಕ್ ಸಿಗೋದೇ ಕಷ್ಟ. ನೈಟ್ರೋಜನ್ ಜಾಗದಲ್ಲಿ ಆಮ್ಲಜನಕವನ್ನ ಯಾವ ಕಾರಣಕ್ಕೂ ಬಳಸಬೇಡಿ, ಒಳಗಿನ ಎಣ್ಣೆ ಸೇರಿ ಸ್ಫೋಟವಾಗಬಹುದು. ಗ್ಯಾರೇಜಿನ ಏರ್ ಕಂಪ್ರೆಸರ್‌ನ ಗಾಳಿಯೂ ಬೇಡ, ಅದರಲ್ಲಿ ತೇವ ಇರುತ್ತೆ.

ಲೀಕ್ ಮುಚ್ಚೋ ಸೀಲರ್ ಡಬ್ಬಿಯನ್ನೂ ಕೆಲವರು ಸೂಚಿಸಿದರು. ಅದು ಕಾಯಿಲ್‌ಗೆ ಹೋಗೋ ಗ್ಯಾಸನ್ನ ಅಳೆದು ಬಿಡೋ ಎಕ್ಸ್‌ಪ್ಯಾನ್ಶನ್ ವಾಲ್ವ್‌ನ ಸಣ್ಣ ದಾರಿಯಲ್ಲಿ ಗಟ್ಟಿಯಾಗೋ ಅಪಾಯ ಇರೋದರಿಂದ ನಾನು ಮುಟ್ಟಲಿಲ್ಲ.

ಹೋಸ್ ಹೊಸದಾಗಿ ಕ್ರಿಂಪ್ ಮಾಡಿಸಿ, ಬಿಚ್ಚಿದ ಜಾಯಿಂಟ್‌ಗಳ ರಬ್ಬರ್ ಓ ರಿಂಗ್ ಮತ್ತು ತೇವ ಹೀರೋ ಡ್ರೈಯರ್ ಬದಲಿಸಿದೆ. ಈಗ ಕಲಬುರಗಿ ಬಿಸಿಲಿಗಷ್ಟೇ ಅಲ್ಲ, ಮಲೆನಾಡಿನ ಮಳೆಯಲ್ಲಿ ಮುಂದಿನ ಗಾಜಿನ ಮಂಜು ತೆಗೆಯೋಕೂ ಎಸಿ ಕೆಲಸಕ್ಕೆ ಬರ್ತಿದೆ. ಗ್ಯಾಸ್ ತುಂಬಿಸೋವಾಗ ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಿರೋ ಗ್ರಾಂ ಲೆಕ್ಕಕ್ಕೆ ತೂಕ ಹಾಕಿಯೇ ತುಂಬಿಸಿ ಅಂತ ಹೇಳಿ.