ಫ್ರೋಜನ್ ಬಾಸಾ ಫಿಲೆ: ನಿಂಬೆ, ಸಬ್ಬಸಿಗೆ ಹಾಕಿದ ಮೀನಿಗೆ ಆದೀತೇ?

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ಅಂಜಲ್, ಪಾಂಫ್ರೆಟ್ ದರ ಕೇಳಿದರೆ ಫ್ರೋಜನ್ ಬಾಸಾ ಫಿಲೆಯ, ಅಂದರೆ ಮುಳ್ಳು ತೆಗೆದ ಮೀನಿನ ಹೋಳುಗಳ, ಪ್ಯಾಕೆಟ್ಟಿನ ಕಡೆಗೆ ತಾನಾಗಿ ಕೈ ಹೋಗುತ್ತದೆ. ಹೆಸರು ಬಾಸಾ ಎಂದಿದ್ದರೂ ಒಳಗಿರುವುದು ಬಹುಮಟ್ಟಿಗೆ ಅದರ ಹತ್ತಿರದ ನೆಂಟ ಪಂಗಾಸಿಯಸ್. ವಿಯೆಟ್ನಾಮಿನ ಮೆಕಾಂಗ್ ಬಯಲಲ್ಲೋ ಆಂಧ್ರದ ಕೊಳಗಳಲ್ಲೋ ಸಾಕಿದ್ದು. ಮುಳ್ಳಿಲ್ಲ, ಚರ್ಮವಿಲ್ಲ, ತನ್ನದೇ ಆದ ರುಚಿಯೂ ಅಷ್ಟಕ್ಕಷ್ಟೇ. ನಿಂಬೆ, ಸೊಪ್ಪಿನ ಅಡುಗೆಗೆ ಈ ಕೊನೆಯ ಗುಣವೇ ಅನುಕೂಲ.

ತಕರಾರಿರುವುದು ನೀರಿನದು. ಫಿಲೆಯ ಮೇಲೆ ಮಂಜುಗಡ್ಡೆಯ ಲೇಪ ಇರುತ್ತದೆ. ಹಾಗಾಗಿ ಪ್ಯಾಕೆಟ್ ಮೇಲಿನ ತೂಕ ಲೇಪ ಬಿಟ್ಟದ್ದೋ ಸೇರಿದ್ದೋ ನೋಡಿ. ಪದಾರ್ಥಗಳ ಪಟ್ಟಿಯಲ್ಲಿ ಇ451 ಅಥವಾ ಟ್ರೈಫಾಸ್ಫೇಟ್ (ಎರಡೂ ಒಂದೇ, ನೀರು ಹಿಡಿದಿಡಲು ಸೇರಿಸುವ ಪದಾರ್ಥ) ಕಂಡರೆ ಮಾಂಸವೂ ನೀರು ಹಿಡಿದಿದೆ ಎಂದರ್ಥ. ಅಂಥದ್ದು ಕಾವಲಿಗೆ ಬಿದ್ದೊಡನೆ ಹುರಿಯುವುದಿಲ್ಲ, ತನ್ನ ನೀರಲ್ಲೇ ಬೇಯುತ್ತದೆ. ಬಣ್ಣ ಬಿಳಿ ಅಥವಾ ತೆಳು ಗುಲಾಬಿ ಇದ್ದರೆ ಸರಿ, ಹಳದಿಗೆ ತಿರುಗಿದ್ದು ಬೇಡ.

ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳತಟ್ಟೆಗೆ ಇಳಿಸಿ. ವ್ಯಾಕ್ಯೂಮ್ ಪ್ಯಾಕ್ ಆದರೆ ಮೊದಲೇ ಕತ್ತರಿಸಿ ತೆರೆದಿಡಿ. ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾದ ಭಯ ಇರುವುದಿಲ್ಲ. ಫಿಲೆಯ ನಡುವೆ ಉದ್ದಕ್ಕೆ ಹೋಗುವ ಕಂದು ಪಟ್ಟಿಯನ್ನು ಚೂರಿಯಿಂದ ತೆಗೆದರೆ ವಾಸನೆ ಎಷ್ಟೋ ಕಡಿಮೆ. ಕೊಳದ ಮೀನಿನ ಮಣ್ಣು ವಾಸನೆಗೆ ಹುಳಿಯೇ ಮದ್ದು. ಆದರೆ ಅರ್ಧ ಗಂಟೆ ನಿಂಬೆರಸದಲ್ಲಿಟ್ಟರೆ ಮೇಲ್ಭಾಗ ಬೆಂದಂತೆ ಬೆಳ್ಳಗಾಗಿ, ಹುರಿದಾಗ ಸುಣ್ಣದಂತೆ ಪುಡಿಪುಡಿ. ಆದ್ದರಿಂದ ನಿಂಬೆಯನ್ನು ಎರಡು ಕಂತಿನಲ್ಲಿ ಕೊಡಿ: 400 ಗ್ರಾಂ ಮೀನಿಗೆ ಮೊದಲು ಅರ್ಧ ಹೋಳಿನ ರಸ, ಮುಕ್ಕಾಲು ಚಮಚ ಉಪ್ಪು, ಐದೇ ನಿಮಿಷ. ಆಮೇಲೆ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ. ಬಟ್ಟೆ ಒದ್ದೆಯಾಗುವುದು ನಿಲ್ಲುವವರೆಗೂ ಒರೆಸಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಮುಂದಿನದ್ದೆಲ್ಲ ದಂಡ.

ಕಾಳುಮೆಣಸಿನ ಪುಡಿ, ಒಂದು ಚಮಚ ಅಕ್ಕಿಹಿಟ್ಟು ಉದುರಿಸಿ. ಕಬ್ಬಿಣದ ಕಾವಲಿ ಚೆನ್ನಾಗಿ ಕಾದ ಮೇಲೆ ಒಂದೂವರೆ ದೊಡ್ಡ ಚಮಚ ಎಣ್ಣೆ. ಎರಡು ಸೆಂಟಿಮೀಟರ್ ದಪ್ಪದ ತುಂಡಿಗೆ ಒಂದು ಮಗ್ಗುಲು ನಾಲ್ಕು ನಿಮಿಷ, ಇನ್ನೊಂದು ಎರಡೂವರೆ. ಮಧ್ಯೆ ಕೆದಕಬೇಡಿ, ಕೆಂಪಗಾದ ಮೇಲೆ ಅದೇ ಬಿಟ್ಟುಕೊಳ್ಳುತ್ತದೆ. ಒಂದು ಸಲಕ್ಕೆ ಎರಡೇ ತುಂಡು, ಇಲ್ಲವಾದರೆ ಕಾವಲಿ ತಣ್ಣಗಾಗಿ ಮತ್ತೆ ಅದೇ ನೀರಿನ ಕಥೆ.

ಎರಡನೇ ಕಂತಿನ ನಿಂಬೆ ಕಾವಲಿಗಲ್ಲ, ತಟ್ಟೆಗೆ. ಹುಳಿ ಕಬ್ಬಿಣಕ್ಕೆ ತಾಗಿದರೆ ಪಳಗಿದ ಪದರ ಕಿತ್ತುಬರುತ್ತದೆ, ಸಾಸಿಗೆ ಲೋಹದ ರುಚಿ ಬೇರೆ. ಕಬ್ಬಿಣದ್ದಲ್ಲದ ಸಣ್ಣ ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಬೆಣ್ಣೆ, ಜಜ್ಜಿದ ಮೂರು ಎಸಳು ಬೆಳ್ಳುಳ್ಳಿ ಬಿಸಿ ಮಾಡಿ, ಒಲೆ ಆರಿಸಿ, ಒಂದು ನಿಂಬೆಯ ರಸ, ಎರಡು ದೊಡ್ಡ ಚಮಚ ಹೆಚ್ಚಿದ ಸಬ್ಬಸಿಗೆ ಹಾಕಿ, ತಟ್ಟೆಯಲ್ಲಿನ ಮೀನಿನ ಮೇಲೆ ಸುರಿಯಿರಿ. ನಿಂಬೆರಸ ಕುದಿದರೆ ಕಹಿ. ಸಿಪ್ಪೆಯ ತುರಿ ಬೇಕೆಂದರೆ ನಮ್ಮ ತೆಳುಸಿಪ್ಪೆಯ ನಿಂಬೆ ಒಗ್ಗದು, ಎರಡು ಸಲ ಎಳೆದರೆ ಬಿಳಿ ಭಾಗ ಬಂದುಬಿಡುತ್ತದೆ; ಗಜನಿಂಬೆ ತನ್ನಿ. ಸಬ್ಬಸಿಗೆಯ ದಂಟು ಹಾಕಬೇಡಿ, ನಾರು.

ಹುರಿಯುವುದಕ್ಕೆ ಐದರಲ್ಲಿ ಮೂರೂವರೆ ಅಂಕ. ಮೀನು ಸಾರಿಗೆ ಒಂದೂ ಇಲ್ಲ: ಸೌಟು ತಾಗಿದರೆ ಸಾಕು, ತುಂಡು ಕದಡಿಹೋಗುತ್ತದೆ.