ಬಣ್ಣದ ಕಾರ್ಡೋ, ರೂಬ್ರಿಕ್ಕೋ?

ಮಕ್ಕಳೇ ತಮ್ಮ ಕಲಿಕೆಯನ್ನು ಅಳೆದುಕೊಳ್ಳಬೇಕೆಂದರೆ ಮೊದಲು ಈ ಎರಡನ್ನು ನೋಡಿ. ಕೆಂಪು (ಅರ್ಥವಾಗಿಲ್ಲ), ಹಳದಿ (ಸ್ವಲ್ಪ ಅರ್ಥವಾಗಿದೆ), ಹಸಿರು (ಅರ್ಥವಾಗಿದೆ) ಕಾರ್ಡ್‌ಗೆ ಒಂದು ನಿಮಿಷ ಸಾಕು. ಪಾಠ ಮುಂದುವರಿಸಬೇಕೋ ಬೇಡವೋ ತಕ್ಷಣ ಗೊತ್ತಾಗುತ್ತದೆ. ಆದರೆ ಪಕ್ಕದವರನ್ನು ನೋಡಿ ಹಸಿರು ಎತ್ತುವ ಮಕ್ಕಳೂ ಇರುತ್ತಾರೆ, ಅಲ್ವಾ?

ರೂಬ್ರಿಕ್‌ಗೆ (ಕೆಲಸ ಹೇಗಿರಬೇಕೆಂದು ಸಾಲುಸಾಲಾಗಿ ಬರೆದ ಅಳತೆಪಟ್ಟಿಗೆ) ಸಮಯ ಜಾಸ್ತಿ ಬೇಕು. ಅದರಲ್ಲಿ ಸುಮ್ನೆ ‘ಚೆನ್ನಾಗಿದೆ’ ಅಂತ ಬರೆದರೆ ಆಗದು. ‘ನನ್ನ ಅಭಿಪ್ರಾಯಕ್ಕೆ ಎರಡು ಕಾರಣ ಕೊಟ್ಟಿದ್ದೇನೆ’ ಎಂಬಂಥ ಸಾಲು ಇರಬೇಕು. ಮಗು ತನ್ನ ಬರಹದಲ್ಲಿ ಆ ಕಾರಣಗಳನ್ನು ಹುಡುಕಿ ಅಡಿಗೆರೆ ಎಳೆಯಲಿ. ಒಂದೇ ಸಿಕ್ಕರೆ ಏನು ತಿದ್ದಬೇಕೆಂದು ಅದಕ್ಕೇ ಕಾಣುತ್ತದೆ. ಮೊದಲ ಸಲ ಒಂದು ಮಾದರಿ ಪ್ರಬಂಧವನ್ನು ಎಲ್ಲರೂ ಸೇರಿ ಅಳೆಯಿರಿ.

ಪ್ರಬಂಧ, ಪ್ರಾಜೆಕ್ಟ್‌ಗೆ ನನ್ನ ಆಯ್ಕೆ ರೂಬ್ರಿಕ್ಕೇ. ದಿನದ ಲೆಕ್ಕದ ಪಾಠಕ್ಕೆ ಕಾರ್ಡ್ ಸಾಕು. ಆದರೆ ಎರಡಕ್ಕೂ ಅಂಕ ಕೊಡಲೇಬೇಡಿ. ಕೊಟ್ಟರೆ ಮಕ್ಕಳು ನಿಜ ಹೇಳಲು ಹಿಂಜರಿಯುತ್ತಾರೆ.