ಎಸಿ ಇರುತ್ತೆ ಅಂತ ಹೋದವರು: ಮ್ಯಾಪ್‌ನಲ್ಲಿ ಅಮ್ಮನ ಜೊತೆ ಒಂದು ಭಾನುವಾರ

2023ರ ಮೇ 14, ಭಾನುವಾರ. ಹಿಂದಿನ ದಿನವಷ್ಟೇ ಚುನಾವಣೆ ಫಲಿತಾಂಶ ಬಂದಿತ್ತು. ಟಿವಿ ಬೆಳಗ್ಗೆಯಿಂದ ಕಿರುಚುತ್ತಲೇ ಇತ್ತು, ಹೊರಗೆ ನೋಡಿದರೆ ಬಿಸಿಲು. ರಜೆಗೆ ಅಂತ ಸಾಗರದಿಂದ ಬಂದಿದ್ದ ಅಮ್ಮನಿಗೆ ಎರಡೂ ಸಾಕಾಗಿ, "ಎಲ್ಲಾದ್ರೂ ತಣ್ಣಗಿರೋ ಕಡೆ ಕರ್ಕೊಂಡು ಹೋಗೇ ಮಾರಾಯ್ತಿ, ಮಾಲ್ ಒಂದು ಬೇಡ" ಅಂದಳು. ಹಾಗೆ ನಾವು ಮ್ಯಾಪ್‌ಗೆ ಹೋಗಿದ್ದು. ಕಲೆ ನೋಡಬೇಕು ಅನ್ನೋ ದೊಡ್ಡ ಉದ್ದೇಶ ಏನೂ ಇರಲಿಲ್ಲ. ಎಸಿ ಇರುತ್ತೆ ಅಂತ, ಅಷ್ಟೇ.

ಮ್ಯಾಪ್ ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ. ಕಸ್ತೂರಬಾ ರಸ್ತೆಯಲ್ಲಿ, ಕಬ್ಬನ್ ಪಾರ್ಕ್ ಎದುರಿಗಿದೆ. ವಿಶ್ವೇಶ್ವರಯ್ಯ ಮ್ಯೂಸಿಯಂ, ವೆಂಕಟಪ್ಪ ಆರ್ಟ್ ಗ್ಯಾಲರಿ ಇರೋ ರಸ್ತೆಯೇ. ಅಭಿಷೇಕ್ ಪೊದ್ದಾರ್ ತಮ್ಮ ಸ್ವಂತ ಸಂಗ್ರಹ ಕೊಟ್ಟು ಶುರು ಮಾಡಿದ್ದು. 2020ರ ಡಿಸೆಂಬರ್‌ನಿಂದ ಆನ್‌ಲೈನ್‌ನಲ್ಲಿ ಮಾತ್ರ ಇತ್ತು. ಕಟ್ಟಡದ ಬಾಗಿಲು ತೆರೆದಿದ್ದು 2023ರ ಶಿವರಾತ್ರಿ ದಿನ, ಫೆಬ್ರವರಿ 18ಕ್ಕೆ. ಅಂದರೆ ನಾವು ಹೋಗಿದ್ದು ಅದರ ಮೊದಲ ಬೇಸಿಗೆಯಲ್ಲಿ.

ರಸ್ತೆ ಆಚೆಯಿಂದಲೇ ಕಟ್ಟಡ ನೋಡಿ ಅಮ್ಮ ಕೇಳಿದ ಮೊದಲ ಮಾತು, "ಇದೇನೇ, ನೀರಿನ ಟ್ಯಾಂಕಾ?" ನನಗೆ ನಗು ಬಂತು, ಯಾಕಂದ್ರೆ ಅದು ನಿಜಕ್ಕೂ ನೀರಿನ ಟ್ಯಾಂಕಿನ ಥರವೇ ಇರಲಿ ಅಂತ ಕಟ್ಟಿದ್ದು. ಹಳೇ ಕಬ್ಬಿಣದ ಓವರ್‌ಹೆಡ್ ಟ್ಯಾಂಕುಗಳ ಮೈಮೇಲೆ ಅಡ್ಡಗೆರೆ ಹಾಕಿ ಉಬ್ಬಿಸಿದ ಚೌಕದ ಹಲಗೆಗಳು ಇರುತ್ತಿದ್ದವಲ್ಲ, ರೈಲ್ವೆ ಸ್ಟೇಷನ್ ಹತ್ತಿರ ಎಲ್ಲ ನೋಡಿರುತ್ತೀರಿ, ಅದನ್ನೇ ಸ್ಟೀಲಿನಲ್ಲಿ ಮಾಡಿ ಐದು ಮಹಡಿಗೂ ಹೊದಿಸಿದ್ದಾರೆ. ಫ್ರೀಡಂ ಪಾರ್ಕ್ ಮಾಡಿದ ಮ್ಯಾಥ್ಯೂ ಅಂಡ್ ಘೋಷ್ ಅವರದ್ದೇ ವಿನ್ಯಾಸ. ಆರ್ಕಿಟೆಕ್ಟ್ ಮನಸ್ಸಿನಲ್ಲಿ ಇದ್ದಿದ್ದನ್ನ ಅಮ್ಮ ಆಟೋದಿಂದ ಇಳಿಯುತ್ತಲೇ ಹೇಳಿಬಿಟ್ಟಳು. (ಆಟೋದವನು ಮೀಟರ್ ಮೇಲೆ ಐವತ್ತು ಕೇಳಿದ, ಅದು ಬೇರೆ ಕಥೆ. ಮೆಟ್ರೋದಲ್ಲಿ ಬರಬೇಕಿತ್ತು.)

ಒಳಗೆ ಆಗ ನಾಲ್ಕೈದು ಪ್ರದರ್ಶನ ಒಟ್ಟಿಗೆ ನಡೆಯುತ್ತಿದ್ದವು. ಎಲ್ಲಾ ನೋಡಲೇಬೇಕು ಅಂತ ನಾವು ಓಡಾಡಲಿಲ್ಲ. ಜ್ಯೋತಿ ಭಟ್ ಅವರ ಫೋಟೋಗಳನ್ನ ಮೊದಲು ನೋಡಿದೆವು, ಕಾಲು ನೋಯೋದಕ್ಕೆ ಮುಂಚೆ. ಪ್ರದರ್ಶನದ ಹೆಸರು 'ಟೈಮ್ ಅಂಡ್ ಟೈಮ್ ಅಗೇನ್'.

"ಜ್ಯೋತಿ ಅಂದ್ರೆ ಹೆಂಗಸಾ? ಭಟ್ರು ಅಂದ್ರೆ ನಮ್ಮ ಕಡೆಯವರಾ?" ಅಂತ ಅಮ್ಮ ಕೇಳಿದಳು. ಎರಡೂ ಅಲ್ಲ. ಗುಜರಾತಿನ ಭಾವನಗರದಲ್ಲಿ 1934ರಲ್ಲಿ ಹುಟ್ಟಿದವರು. ಬರೋಡಾದ ಎಂ.ಎಸ್. ಯೂನಿವರ್ಸಿಟಿಯಲ್ಲಿ ಕಲಾ ವಿಭಾಗ ಶುರುವಾದಾಗ ಸೇರಿದ ಮೊದಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು. ಎನ್.ಎಸ್. ಬೇಂದ್ರೆ, ಕೆ.ಜಿ. ಸುಬ್ರಮಣ್ಯನ್ ಇವರ ಮೇಷ್ಟ್ರು. ಇಟಲಿಗೆ ಹೋದರು, ನ್ಯೂಯಾರ್ಕ್‌ನಲ್ಲಿ ಪ್ರಿಂಟ್‌ಮೇಕಿಂಗ್ (ಅಚ್ಚೊತ್ತಿ ಚಿತ್ರ ಮಾಡೋ ಕಲೆ) ಕಲಿತರು, ವಾಪಸ್ ಬಂದು ಬರೋಡಾದಲ್ಲೇ ಪಾಠ ಮಾಡಿದರು. ಅಂದರೆ ಮೂಲದಲ್ಲಿ ಫೋಟೋಗ್ರಾಫರೇ ಅಲ್ಲ. 1967ರಲ್ಲಿ ಒಂದು ಸೆಮಿನಾರಿಗೆ ಅಂತ ಗುಜರಾತಿನ ಹಳ್ಳಿಗಳ ಕಲೆಯ ಫೋಟೋ ತೆಗೆಯೋಕೆ ಹೋದವರು, ಆ ಕೆಲಸ ಮುಗಿಸಿ ಸುಮ್ನೆ ಕೂರೋಕೆ ಆಗಲೇ ಇಲ್ಲ. ರಾಜಸ್ಥಾನ, ಮಧ್ಯಪ್ರದೇಶ, ಬಿಹಾರ, ಬಂಗಾಳ, ಒಡಿಶಾ ಅಂತ ದಶಕಗಟ್ಟಲೆ ತಿರುಗಿದ್ದಾರೆ. 2019ರಲ್ಲಿ ಪದ್ಮಶ್ರೀ ಬಂತು.

ಏನು ತೆಗೆದರು ಅಂದರೆ, ಹೆಂಗಸರು ಮನೆ ಮುಂದೆ, ಗೋಡೆ ಮೇಲೆ, ಅಂಗಳದಲ್ಲಿ ಬರೆಯೋದನ್ನ. ರಾಜಸ್ಥಾನದ ಮಾಂಡಣ, ಬಂಗಾಳದ ಆಲ್ಪನ, ಒಡಿಶಾದಲ್ಲಿ ಅಕ್ಕಿಹಿಟ್ಟಿನಲ್ಲಿ ಬರೆಯೋ ಲಕ್ಷ್ಮೀಪಾದ. ಕೈತುಂಬ, ಕತ್ತಿನವರೆಗೂ ಹಚ್ಚೆ ಹಾಕಿಸಿಕೊಂಡ ಅಜ್ಜಿಯರು. ಎಲ್ಲಾ ಕಪ್ಪು-ಬಿಳುಪು.

ನಾನು ಇಂಥ ಫೋಟೋ ಬೇಕಾದಷ್ಟು ನೋಡಿದ್ದೇನೆ, ಕ್ಯಾಲೆಂಡರಿನಲ್ಲಿ, ವಿಮಾನದ ಮ್ಯಾಗಜೀನಿನಲ್ಲಿ. ಕೆಂಪು ಸೀರೆ, ಸುಕ್ಕು ಮುಖ, ದೊಡ್ಡ ಮೂಗುಬೊಟ್ಟು. ಆ ಥರದ್ದು ನೋಡಿದರೆ ನನಗೆ ಸ್ವಲ್ಪ ಅಲರ್ಜಿ. ಇವು ಹಾಗಿಲ್ಲ. ಭಟ್ಟರಿಗೆ ಬರೆಯುವವಳ ಮುಖಕ್ಕಿಂತ ಅವಳು ಏನು ಬರೀತಿದ್ದಾಳೆ ಅನ್ನೋದರ ಮೇಲೆ ಜಾಸ್ತಿ ಕಣ್ಣು. ಎಷ್ಟೋ ಚಿತ್ರಗಳಲ್ಲಿ ಆಕೆ ನಮಗೆ ಬೆನ್ನು ಹಾಕಿಯೇ ಕೂತಿದ್ದಾಳೆ, ನಮ್ಮ ಕಡೆ ತಿರುಗೋಕೆ ಪುರುಸೊತ್ತಿಲ್ಲ. ತೆಗೆಯೋನೂ ಕುಂಚ ಹಿಡಿದವನೇ, ಹಾಗಾಗಿ ಇನ್ನೊಬ್ಬ ಕಲಾವಿದನ ಕೆಲಸ ನೋಡೋ ಹಾಗೆ ನೋಡಿದ್ದಾರೆ, ಪಾಪ ಅನ್ನೋ ಭಾವ ಎಲ್ಲೂ ಇಲ್ಲ.

ಒಂದು ಚಿತ್ರದ ಮುಂದೆ ನಾವು ಕಾಲು ಗಂಟೆ ನಿಂತಿದ್ದೇವೆ, ಉತ್ಪ್ರೇಕ್ಷೆ ಅಲ್ಲ. ಮಣ್ಣಿನ ಗೋಡೆ. ಹೆಂಗಸೊಬ್ಬಳು ಕುಕ್ಕರಗಾಲಲ್ಲಿ ಕೂತು ಬಿಳಿ ಗೆರೆ ಎಳೆಯುತ್ತಿದ್ದಾಳೆ. ಅಂಗೈಯೊಳಗೆ ಬಿಳಿ ಬಣ್ಣ ಅದ್ದಿದ ಬಟ್ಟೆಚೂರೋ ಹತ್ತಿಯೋ ಇರಬೇಕು, ಅದನ್ನ ಹಿಂಡಿದ ಹಾಗೆ ಬಣ್ಣ ಬೆರಳ ಗುಂಟ ಇಳಿದು ಗೋಡೆ ಸೇರುತ್ತಿದೆ. ನಾನು ನೋಡುತ್ತಿದ್ದದ್ದು ಬೆಳಕನ್ನ, ಬಳೆಗಳ ನೆರಳನ್ನ. ಅಮ್ಮ ನೋಡುತ್ತಿದ್ದದ್ದು ಬೇರೆ. "ಗೋಡೆಗೆ ಕೆಮ್ಮಣ್ಣು ಸಾರಿಸಿದಾರೆ. ನಿನ್ನೆ ಸಾರಿಸಿದ್ದು, ಇನ್ನೂ ಪೂರ್ತಿ ಒಣಗಿಲ್ಲ" ಅಂದಳು. ಕಪ್ಪು-ಬಿಳುಪು ಫೋಟೋದಲ್ಲಿ ಕೆಮ್ಮಣ್ಣು ಹೇಗೆ ಕಾಣಿಸ್ತು ನಿಂಗೆ ಅಂದೆ. "ಕಾಣೋದೇನು, ಗೊತ್ತಾಗಲ್ವಾ?" ಅಂದಳು.

ನಮ್ಮದು ದೀವರ ಸಮುದಾಯದ ಮನೆ. ಸಾಗರ, ಸೊರಬದ ಕಡೆಯವರಿಗೆ ಹಸೆ ಚಿತ್ತಾರ ಅಂದರೆ ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳೋದಾದರೆ, ಕೆಮ್ಮಣ್ಣು ಸಾರಿಸಿದ ಗೋಡೆ ಮೇಲೆ ಅಕ್ಕಿ ನೆನೆಸಿ ಅರೆದ ಬಿಳಿ ಬಣ್ಣದಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಎಳೆಯುವ ಗೆರೆಗಳ ಚಿತ್ತಾರ. ಕಪ್ಪಿಗೆ ಅಕ್ಕಿಯನ್ನೇ ಕರಿಯಾಗೋ ಹಾಗೆ ಹುರೀತಾರೆ, ಹಳದಿಗೆ ಗುರಿಗೆ ಕಾಯಿ. ಮದುವೆ ಮನೆಯಲ್ಲಿ ಹಸೆ ಬರೀಬೇಕು, ಭೂಮಿ ಹುಣ್ಣಿಮೆ ಹಬ್ಬಕ್ಕೆ ಬುಟ್ಟಿ ಮೇಲೆ ಬರೀಬೇಕು. ನಮ್ಮ ಅಜ್ಜಿ ಊರಿಗೆಲ್ಲ ಬರೀತಿದ್ದವಳು. ಅವಳು ಬರೆದದ್ದು ಒಂದೂ ಉಳಿದಿಲ್ಲ. ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟಿದೆವು, ಗೋಡೆಯೇ ಹೋಯಿತು. ಒಂದೇ ಒಂದು ಸಲ, ಚಿಕ್ಕಮ್ಮನ ಮದುವೆಯಲ್ಲಿ, ಪೇಟೆಯ ಸ್ಟುಡಿಯೋದವರು ಹಸೆ ಮುಂದೆ ಹುಡುಗ-ಹುಡುಗಿ ನಿಲ್ಲಿಸಿ ಫೋಟೋ ತೆಗೆದಿದ್ದರು. ಆಮೇಲೆ ನೆಗೆಟಿವ್ ಕೇಳೋಕೆ ಹೋದರೆ ಅಂಗಡಿ ಮುಚ್ಚಿತ್ತು, ಡಬ್ಬಗಟ್ಟಲೆ ನೆಗೆಟಿವ್ ಗುಜರಿಗೆ ಹಾಕಿದರಂತೆ. ಆಲ್ಬಮ್ಮಿನಲ್ಲಿರೋ ಪ್ರಿಂಟಿನಲ್ಲಿ ಹಸೆ ಕಾಣೋದು ಚಿಕ್ಕಪ್ಪನ ಪೇಟದ ಹಿಂದೆ ಒಂದು ಅಂಗೈ ಅಗಲ ಮಾತ್ರ.

ಅದಕ್ಕೇ ಇರಬೇಕು, ಇಲ್ಲಿನ ಚಿತ್ರಗಳಲ್ಲಿ ಗೋಡೆ ಪೂರ್ತಿ ಇದೆ ಅನ್ನೋದೇ ನನಗೆ ದೊಡ್ಡದಾಗಿ ಕಂಡಿತು. ಅಂಚು, ಮೂಲೆ, ಬಾಗಿಲಿನ ಪಕ್ಕದ ಪಟ್ಟಿ, ಎಲ್ಲಾ. ಗೋಡೆ ಮೇಲೆ ಒಂದು ಪ್ರಾಣಿ ಬರೆದಿದ್ದರೆ, ಅದರ ಮುಂದೆ ಒಂದು ಮಗು ನಿಂತಿದ್ದರೆ, ಮಗುವಿಗೆ ಅಂತ ಪ್ರಾಣಿಯ ಬಾಲ ಕತ್ತರಿಸಿಲ್ಲ. ಇದು ಫೋಟೋ ಚೆನ್ನಾಗಿ ಬರಲಿ ಅನ್ನೋದಕ್ಕಿಂತ, ಇದು ನಾಳೆ ಇರೋದಿಲ್ಲ ಅನ್ನೋ ಆತುರದಲ್ಲಿ ತೆಗೆದ ಹಾಗಿದೆ. ರಂಗೋಲಿ ಸಂಜೆಗೆ ಅಳಿಸುತ್ತೆ, ಗೋಡೆ ಮುಂದಿನ ಹಬ್ಬಕ್ಕೆ ಮತ್ತೆ ಸಾರಿಸ್ತಾರೆ. ಅಷ್ಟರಲ್ಲಿ ಸಿಮೆಂಟು ಬಂದರೆ ಮುಗೀತು. ಹೋದ ಜಾಗಕ್ಕೇ ಮತ್ತೆ ಮತ್ತೆ ಹೋಗಿ ತೆಗೆದಿದ್ದಾರೆ, ಹೆಸರು ಅದಕ್ಕೇ ಹಾಗಿದೆ ಅಂತ ನಾನು ಅಂದುಕೊಂಡೆ.

ಹಾಗಂತ ಬರೀ ದಾಖಲೆ ಅಂದುಕೊಳ್ಳಬೇಡಿ. ಡಾರ್ಕ್‌ರೂಮಿನಲ್ಲಿ ಆಟ ಆಡಿದ ಚಿತ್ರಗಳೂ ಇದ್ದವು, ಒಂದರ ಮೇಲೊಂದು ನೆಗೆಟಿವ್ ಸೇರಿಸಿದ್ದು, ಕನ್ನಡಿ ಹಿಡಿದ ಹಾಗೆ ಮಡಚಿದ್ದು. ಬರೋಡಾದ ಗೆಳೆಯರ ಫೋಟೋಗಳೂ ಇದ್ದವು, ಈಗ ದೊಡ್ಡ ಹೆಸರಾದ ಕಲಾವಿದರು ಆಗ ಹುಡುಗರ ಥರ ಕೋಡಂಗಿ ಆಟ ಆಡುತ್ತಿದ್ದ ಕಾಲದ್ದು. ಪ್ರಿಂಟ್‌ಮೇಕರ್ ಕೈ ಇಲ್ಲಿ ಚೆನ್ನಾಗಿ ಗೊತ್ತಾಗುತ್ತೆ. ಕಪ್ಪು ಅಂದರೆ ಒಂದೇ ಕಪ್ಪಲ್ಲ, ಮಸಿ, ಕಾಡಿಗೆ, ಒದ್ದೆ ಮಣ್ಣು ಅಂತ ಬೇರೆ ಬೇರೆ ಕಪ್ಪು. ಮೊಬೈಲ್ ಪರದೆಯಲ್ಲಿ ನೋಡಿದರೆ ಇದು ಖಂಡಿತ ಸಿಗೋದಿಲ್ಲ.

ಆಗಿದ್ದ ಇನ್ನೊಂದು ದೊಡ್ಡ ಪ್ರದರ್ಶನ 'ವಿಸಿಬಲ್/ಇನ್‌ವಿಸಿಬಲ್'. ಮ್ಯಾಪ್ ಸಂಗ್ರಹದಲ್ಲಿ ಹೆಣ್ಣು ಹೇಗೆ ಕಾಣಿಸಿಕೊಂಡಿದ್ದಾಳೆ ಅಂತ. ದೇವಿಯಿಂದ ಹಿಡಿದು ಹೋರಾಟದವರೆಗೆ ನಾಲ್ಕು ಭಾಗ ಮಾಡಿದ್ದರು. ಶಿಲ್ಪ, ಚಿತ್ರ, ಬಟ್ಟೆ, ಫೋಟೋ ಎಲ್ಲಾ ಒಂದರ ಪಕ್ಕ ಒಂದು. ಸಂತೆಯಲ್ಲಿ ಹೊಕ್ಕ ಹಾಗಾಯ್ತು, ನನಗೆ ಅದು ಇಷ್ಟವೇ, ಆದರೆ ಭಟ್ಟರ ಗೋಡೆಗಳ ಮುಂದೆ ಒಂದು ಗಂಟೆ ನಿಂತು ಹೋದ ಮೇಲೆ ತಲೆಗೆ ಹೋಗಲಿಲ್ಲ. ತಪ್ಪು ನನ್ನದೇ. ಇದಕ್ಕೆ ಬೇರೆ ದಿನ ಇಟ್ಟುಕೊಳ್ಳಬೇಕಿತ್ತು.

ನಮ್ಮ ಕುಂದಾಪುರ ಕಡೆಯ ಕೋಟೇಶ್ವರದ ಎಲ್.ಎನ್. ತಲ್ಲೂರು ಅವರ 'ಚಿರಾಗ್-ಎ-ಎಐ' ಕೂಡ ಇತ್ತು. ಚಿರಾಗ್ ಅಂದರೆ ದೀಪ, ಎಐ ಗೊತ್ತೇ ಇದೆಯಲ್ಲ, ಅಲ್ಲಾವುದ್ದೀನನ ದೀಪದ ಮೇಲೆ ಹೊಸ ಕೀಟಲೆ. ಆಗ ಆರು ತಿಂಗಳಿಂದ ಎಲ್ಲರ ಬಾಯಲ್ಲೂ ಚಾಟ್‌ಜಿಪಿಟಿ ಇತ್ತಲ್ಲ, ಹೆಸರು ಓದಿಯೇ ಕಿಸಕ್ಕನೆ ನಗು ಬಂತು. ಅಮ್ಮ ಅದನ್ನ ಒಂದು ಸುತ್ತು ಬಂದು, "ಬುದ್ಧಿವಂತ ಇದಾನೆ" ಅಂತ ಹೇಳಿ ಕೂರೋಕೆ ಬೆಂಚು ಹುಡುಕಿದಳು. ಅದು ಹೊಗಳಿಕೆಯೋ ತೆಗಳಿಕೆಯೋ ಅಂತ ನಾನು ಕೇಳಲಿಲ್ಲ. ಬ್ರಿಟಿಷ್ ಶಿಲ್ಪಿ ಸ್ಟೀಫನ್ ಕಾಕ್ಸ್ ಅವರ ಕಲ್ಲಿನ ಶಿಲ್ಪಗಳನ್ನ ನಾವು ಹೆಚ್ಚು ಕಡಿಮೆ ನಡೆಯುತ್ತಲೇ ನೋಡಿದೆವು.

ವಯಸ್ಸಾದವರನ್ನ ಕರ್ಕೊಂಡು ಹೋಗೋಕೆ ಒಳ್ಳೆ ಜಾಗ. ಲಿಫ್ಟ್ ಇದೆ, ಮಂಡಿ ನೋವಿನವರಿಗೆ ತೊಂದರೆ ಆಗೋದಿಲ್ಲ. ಕಣ್ಣು ಕಾಣದವರು ಮುಟ್ಟಿ ನೋಡೋ ಹಾಗೆ ಮಾಡಿದ ಕಲಾಕೃತಿಗಳೂ ಇವೆ. ಅಮ್ಮ ಒಂದರ ಮೇಲೆ ಕಣ್ಣು ಮುಚ್ಚಿ ಕೈಯಾಡಿಸಿ, ಆಮೇಲೆ ಯಾರಾದ್ರೂ ಬೈತಾರಾ ಅಂತ ಸುತ್ತ ನೋಡಿದಳು. ಮ್ಯೂಸಿಯಂನಲ್ಲಿ ಮುಟ್ಟಬಹುದು ಅಂತ ಅವಳಿಗೆ ನಂಬೋಕೇ ಆಗಿರಲಿಲ್ಲ. ಸೋಮವಾರ ರಜೆ, ನೆನಪಿರಲಿ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿ ಬಿಡೋದಿಲ್ಲ, ಹಾಗಾಗಿ ಆಮೇಲೆ ಅಲ್ಲಿ ಮರದ ಕೆಳಗೆ ಕೂರಬಹುದು. ನಾವು ಅದನ್ನೇ ಮಾಡಿದ್ದು. ಬೇಸಿಗೆ ಅಂತ ಕೊಡೆ ಮರೀಬೇಡಿ, ಮೇ ತಿಂಗಳ ಬೆಂಗಳೂರು ನಿಮಗೆ ಗೊತ್ತಲ್ಲ.

ಆಗ ಒಂದು ಆಸೆ ಇತ್ತು. ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಹುಟ್ಟಿ 2023ರ ಡಿಸೆಂಬರ್‌ಗೆ ನೂರು ವರ್ಷ. ಅವರದ್ದೂ ಕಪ್ಪು-ಬಿಳುಪೇ, ಅವರೂ ಹೀಗೇ ಸಾಮಾನ್ಯ ಜನರ ಹಿಂದೆ ಬಿದ್ದವರು. ಆ ಚಿತ್ರಗಳನ್ನೂ ಈ ಗೋಡೆಗಳ ಮೇಲೆ, ಈ ಬೆಳಕಲ್ಲಿ ನೋಡಬೇಕು ಅಂತ.

ಅಮ್ಮ ಬುಧವಾರ ಊರಿಗೆ ಹೋದಳು. ಮರುದಿನ ರಾತ್ರಿ ಒಂಬತ್ತೂವರೆಗೆ ಫೋನು. ಊಟ ಆಯ್ತಾ, ಮಳೆ ಬಂತಾ ಅಂತ ಕೇಳಿ ಆದ ಮೇಲೆ, "ಆ ಗೋಡೆ ಬರೀತಿದ್ಳಲ್ಲ, ಅವಳು ಗೆರೆ ಎಳೀತಿದ್ದಿದ್ದು ನಡುಬೆರಳಲ್ಲೋ ಉಂಗುರದ ಬೆರಳಲ್ಲೋ?" ಅಂದಳು. ಕಾಲು ಗಂಟೆ ನಿಂತು ನೋಡಿದ್ದೇವೆ, ಆದರೂ ನನಗೆ ನೆನಪಾಗಲಿಲ್ಲ. ಉಂಗುರದ ಬೆರಳು ಇರಬೇಕು ಅಂದೆ. "ಇರಬೇಕು ಅಂದ್ರೆ ಆಗಲ್ಲ, ನೋಡ್ಕೊಂಡು ಬಂದು ಹೇಳು" ಅಂದಳು. ಹಾಗಾಗಿ ಆ ಶನಿವಾರ ಇನ್ನೊಂದು ಸಲ ಹೊರಟೆ, ಈ ಸಲ ಮೆಟ್ರೋದಲ್ಲಿ.